ಬೇವು ಕಟ್ಟದ ಬಾಗಿಲು

ಕತ್ತಿ ಗಂಟಲಿನ ಮೇಲೆ ಬಂದು ನಿಂತಾಗ ಶಂಭುಲಿಂಗಪ್ಪ ಬಾಯಿ ಬಿಟ್ಟ.

"ಹೋದ ವಾರ ಬುಧವಾರ ಕೃಷ್ಣಪ್ಪನಿಗೆ ಕ್ಷೌರ ಮಾಡಿದೆಯಾ?"

ಅಂಜಿನಯ್ಯನ ಕೈ ತಡೆಯಿತು. ಅತ್ತಿಗುಪ್ಪೆಯ ಅರಳಿಕಟ್ಟೆಯ ಕೆಳಗೆ ಕೂತು ಮೂವತ್ತು ವರ್ಷದಿಂದ ಊರಿನ ಗಡ್ಡಗಳನ್ನೆಲ್ಲ ಕೆರೆದವನು ಅವನು. ಕತ್ತಿ ಹಿಡಿದಿರುವಾಗ ಅವನನ್ನು ಯಾರೂ ವಿಚಾರಣೆ ಮಾಡಿದ್ದಿಲ್ಲ.

"ಯಾಕೆ ಸ್ವಾಮಿ?"

"ಕೇಳಿದ್ದಕ್ಕೆ ಹೇಳು. ಕೈ ಅಲುಗಿಸಬೇಡ. ಮುಖ ಮೊದಲೇ ಹಾಳಾಗಿದೆ."

"ಹಾಳಾಗಿರೋದೇನು, ಉತ್ತ ಹೊಲ ಇದ್ದ ಹಾಗಿದೆ. ಎಲ್ಲಿ ಕತ್ತಿ ಇಟ್ಟರೂ ಗುಂಡಿ. ಎಷ್ಟನೇ ವಯಸ್ಸಿಗೆ ಬಂದಿದ್ದಳು ಅಮ್ಮ?"

"ಆರಕ್ಕೆ. ಮನೆಯಲ್ಲಿ ಮೂವರು ಮಕ್ಕಳು ಮಲಗಿದ್ದೆವು. ಎದ್ದವನು ನಾನೊಬ್ಬ. ಬುಧವಾರದ ಮಾತು ಹೇಳು."

ಅಂಜಿನಯ್ಯ ಕತ್ತಿಯನ್ನು ಅಂಗೈಗೆ ಒರೆಸಿಕೊಂಡ. ಸುತ್ತ ನೋಡಿದ.

"ಮಾಡ್ದೆ. ಬೆಳಿಗ್ಗೆ, ಫ್ಯಾಕ್ಟರಿಗೆ ಹೋಗೋಕೆ ಮುಂಚೆ. ಅವರ ಮನೆ ಜಗಲಿ ಮೇಲೇ ಮಾಡ್ದೆ."

ಶಂಭುಲಿಂಗಪ್ಪ ಕಣ್ಣು ಮುಚ್ಚಿದ. ಮೂರು ದಿನದ ಓಡಾಟಕ್ಕೆ ಇವತ್ತು ಮೊದಲ ಫಲ ಸಿಕ್ಕಿತ್ತು.

ಅದೇ ಬುಧವಾರ, ಕೃಷ್ಣಪ್ಪ ಕೋರ್ಟಿಗೆ ಕೊಟ್ಟ ಹೇಳಿಕೆಯ ಪ್ರಕಾರ, ಅವನ ಮಗಳು ಪುಟ್ಟತಾಯಿ ಅದೇ ಮನೆಯ ಒಳಗೆ ಮೈತುಂಬ ಸಿಡುಬು ಎದ್ದು ಮಲಗಿದ್ದಳು. ಭಾನುವಾರ ಸತ್ತಳು. ಹೊಲದ ಬದುವಿನಲ್ಲಿ ಹೂತರು. ಮಗುವನ್ನು ತಾಯಿ ವಿಮಲಳ ಕೈಗೆ ಒಪ್ಪಿಸಲು ಜಡ್ಜು ಕೊಟ್ಟಿದ್ದ ಗಡುವು ಸೋಮವಾರ. ಗಡುವಿಗೆ ಒಂದು ದಿನ ಮುಂಚೆ ಮಗು ಇಲ್ಲವಾಗಿತ್ತು.

"ಬಾಗಿಲಿಗೆ ಬೇವು ಕಟ್ಟಿದ್ದರಾ?"

"ಇಲ್ಲ."

"ಸರಿಯಾಗಿ ನೆನಪಿದೆಯಾ?"

"ಬೇವು ಕಟ್ಟಿರೋ ಮನೆ ಮೆಟ್ಟಿಲು ಹತ್ತೋಕೆ ನಂಗೇನು ತಲೆ ಕೆಟ್ಟಿದೆಯಾ ಸ್ವಾಮಿ? ನಂಗೂ ಮೊಮ್ಮಕ್ಕಳಿವೆ. ಅವರಮ್ಮ ಪಾಪಮ್ಮನವರು ಒಳಗೆ ಸಾರಿಗೆ ಒಗ್ಗರಣೆ ಹಾಕ್ತಿದ್ದರು. ಸಾಸಿವೆ ಸಿಡಿಯೋದು ಕೇಳಿಸ್ತು."

ಸಿಡುಬಿನ ಅಮ್ಮ ಬಂದ ಮನೆಯಲ್ಲಿ ಗಂಡಸರು ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಎಣ್ಣೆ ಕಾಯಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ದೂರ ಇಡುತ್ತಾರೆ. ಸಿಡುಬಿಗೆ ಮದ್ದು ಹಾಕಿಸದ ಮನೆಗಳುಂಟು, ಬೇವು ಕಟ್ಟದ ಮನೆ ಅತ್ತಿಗುಪ್ಪೆಯಲ್ಲಿ ಇರಲಿಲ್ಲ.

"ಇದನ್ನ ಕೋರ್ಟಿನಲ್ಲಿ ಹೇಳ್ತೀಯಾ?"

"ಇಲ್ಲ ಸ್ವಾಮಿ."

"ಯಾಕೆ?"

"ನೀವು ಕೇಸು ಮುಗಿದಮೇಲೆ ಹೋಗ್ತೀರಿ. ನಾನು ಇಲ್ಲೇ ಇರ್ತೀನಿ." ಅಂಜಿನಯ್ಯ ಅವನ ಗದ್ದ ಹಿಡಿದು ಆ ಕಡೆಗೆ ತಿರುಗಿಸಿದ. "ಈ ಕೆನ್ನೆ ಇನ್ನೂ ಬಾಕಿ ಇದೆ. ಅಲುಗಬೇಡಿ."

*

ವಿಮಲ ಹೊಂಗೆ ಮರದ ಕೆಳಗೆ ನಿಂತಿದ್ದಳು. ಇಪ್ಪತ್ತನಾಲ್ಕು ವರ್ಷ. ರಾಜಾಜಿನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಗಿರಣಿಯಲ್ಲಿ ನೂಲು ಸುತ್ತುವ ಕೆಲಸ ಮಾಡುತ್ತಿದ್ದಳು. ಬಲಗಿವಿ ಕೇಳುತ್ತಿರಲಿಲ್ಲ. ಕೃಷ್ಣಪ್ಪ ಹೊಡೆದದ್ದು. ಆದ್ದರಿಂದ ಶಂಭುಲಿಂಗಪ್ಪ ಯಾವಾಗಲೂ ಅವಳ ಎಡಕ್ಕೆ ನಿಂತು ಮಾತಾಡುತ್ತಿದ್ದ.

ಅವಳ ಸೆರಗಿನ ತುದಿಗೆ ಮಣ್ಣು ಹತ್ತಿತ್ತು. ಮಗುವನ್ನು ಹೂತ ಗುಂಡಿ ನೋಡಿಕೊಂಡು ಬಂದಿದ್ದಳು. ದಿನಾ ಹೋಗಿ ನೋಡುತ್ತಿದ್ದಳು. ಮುಂದಿನ ಸೋಮವಾರ ಅದನ್ನು ತೆಗೆಸಲು ಮ್ಯಾಜಿಸ್ಟ್ರೇಟರ ಅಪ್ಪಣೆ ಆಗಿತ್ತು. ಅಮಲ್ದಾರರು, ಡಾಕ್ಟರು ಬರುತ್ತಾರೆ. ತಾಯಿ ನಿಂತು ಗುರುತು ಹೇಳಬೇಕು.

"ಬೇವು ಕಟ್ಟಿರಲಿಲ್ಲ," ಎಂದ ಶಂಭುಲಿಂಗಪ್ಪ.

ಅವಳು ಮರದ ಬೊಡ್ಡೆ ಹಿಡಿದುಕೊಂಡಳು. "ನಾನು ಹೇಳಲಿಲ್ವಾ ಸಾರ್? ನನ್ನ ಮಗು ಇದೆ!"

"ಹಾಗಂತ ನಾನು ಹೇಳಲಿಲ್ಲ. ಮಗು ಸಿಡುಬಿನಿಂದ ಸತ್ತಿಲ್ಲ ಅಂತ ಹೇಳಿದೆ. ಬೇರೆ ಯಾವುದರಿಂದಲೋ ಸತ್ತಿರಬಹುದು. ನಿನ್ನ ಗಂಡನ ಕೈ ಎಷ್ಟು ಭಾರ ಅಂತ ನಿನ್ನ ಕಿವಿಗೆ ಗೊತ್ತು."

ಇಂಥ ಮಾತನ್ನು ಮೆತ್ತಗೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಪೊಲೀಸಿನಲ್ಲಿ ಹದಿನೆಂಟು ವರ್ಷ ಸಬ್‌ಇನ್‌ಸ್ಪೆಕ್ಟರ್ ಆಗಿದ್ದಾಗಲೂ ಬಂದಿರಲಿಲ್ಲ, ಈಗ ಲಾಯರು ಶ್ಯಾಮಸುಂದರನಿಗೆ ಪತ್ತೆ ಕೆಲಸ ಮಾಡುವಾಗಲೂ ಬಂದಿರಲಿಲ್ಲ.

ವಿಮಲ ಅಳಲಿಲ್ಲ. ಸೆರಗಿನ ಮಣ್ಣು ಕೊಡವಿದಳು.

"ನಮ್ಮತ್ತೆ ಮಾರಮ್ಮನಿಗೆ ಹೆದರೋ ಹಾಗೆ ಯಾರಿಗೂ ಹೆದರೋಲ್ಲ. ಮಗೂಗೆ ಎರಡೂವರೆ ವರ್ಷ ಆದಾಗ ಗಿರಣಿ ಹತ್ರ ಸಿಡುಬಿನ ಚುಚ್ಚು ಹಾಕೋರು ಬಂದಿದ್ದರು. ನಾನೂ ಹಾಕಿಸಿಕೊಂಡೆ, ಮಗೂಗೂ ಹಾಕಿಸಿದೆ. ಎಡತೋಳಿಗೆ ಎರಡು. ನಾಲ್ಕಾಣೆಯಷ್ಟಗಲ ಗಾಯ ಆಗಿ, ಕಲೆ ಉಳೀತು. ಅದನ್ನ ನೋಡಿ ಅತ್ತೆ ಎದೆ ಎದೆ ಬಡ್ಕೊಂಡರು. ಅಮ್ಮನ ಬಾಗಿಲಿಗೆ ಬೀಗ ಹಾಕಿಬಿಟ್ಟೆ, ಅವಳು ಸುಮ್ಮನೆ ಬಿಡ್ತಾಳಾ ಅಂತ. ಆವತ್ತೇ ನನ್ನ ಕಿವಿ ಹೋಗಿದ್ದು. ಆವತ್ತೇ ಮನೆ ಬಿಟ್ಟಿದ್ದು."

"ಮಗುವನ್ನು ಬಿಟ್ಟು."

"ಕಿತ್ತುಕೊಂಡರು ಸಾರ್. ಬಿಡಲಿಲ್ಲ ನಾನು."

"ಕೋರ್ಟಿನಲ್ಲಿ ಅವರ ಲಾಯರು 'ಬಿಟ್ಟು' ಅಂತಲೇ ಕೇಳ್ತಾನೆ. ಅಭ್ಯಾಸ ಮಾಡಿಕೋ."

ಐದು ವರ್ಷ ತುಂಬದ ಮಗು ತಾಯಿಯ ಹತ್ತಿರ ಇರತಕ್ಕದ್ದು ಎಂಬ ಕಾನೂನು ಬಂದು ಏಳು ತಿಂಗಳಾಗಿತ್ತು. ಪುಟ್ಟತಾಯಿಗೆ ನಾಲ್ಕೂವರೆ. ಆರು ತಿಂಗಳು ತಡವಾಗಿದ್ದರೆ ವಿಮಲಳ ಅರ್ಜಿಗೆ ಆ ಬಲ ಇರುತ್ತಿರಲಿಲ್ಲ.

"ಅತ್ತೆ ಎಂಥಾ ಸುಳ್ಳಾದರೂ ಹೇಳ್ತಾರೆ," ಎಂದಳು ವಿಮಲ. "ಆದರೆ ಸುಳ್ಳುಸುಳ್ಳಾಗಿ ಬೇವು ಕಟ್ಟೋಲ್ಲ. ಕಟ್ಟಿದರೆ ಅವಳನ್ನ ಕರೆದ ಹಾಗೆ. ಕರೆದರೆ ಬಂದೇ ಬರ್ತಾಳೆ ಅನ್ನೋರು. ಅದಕ್ಕೇ ಕಟ್ಟಿಲ್ಲ." ಸೆರಗಿನ ಗಂಟು ಬಿಚ್ಚಿ ಒಂದು ಬಿಲ್ಲೆ ಕರ್ಪೂರ ತೋರಿಸಿದಳು. "ಹೊಸ್ತಿಲ ಮೇಲೆ ಹಚ್ಚಿ ಪ್ರಮಾಣ ಮಾಡಿಸೋಣ ಸಾರ್."

"ಕೋರ್ಟಿನಲ್ಲಿ ಕರ್ಪೂರ ನಡೆಯೋದಿಲ್ಲಮ್ಮ."

"ನಮ್ಮತ್ತೆ ಹತ್ರ ಕೋರ್ಟು ನಡೆಯೋದಿಲ್ಲ."

ಶಂಭುಲಿಂಗಪ್ಪ ಟೋಪಿ ಹಾಕಿಕೊಂಡ. ಈ ಹೆಂಗಸು ಅವನಿಗಿಂತ ಒಂದು ಹೆಜ್ಜೆ ಮುಂದಿದ್ದಳು. ಅದು ಅವನಿಗೆ ಇಷ್ಟವಾಗಲಿಲ್ಲ.

*

ಪಾಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆಯನ್ನು ನೋಡಿದರೂ ಬೆರಳು ನಿಲ್ಲಲಿಲ್ಲ.

"ಬಂದೆಯೇನೇ, ಕೋರ್ಟಮ್ಮ? ಮಣ್ಣು ಮಾಡಿ ನಾಲ್ಕು ದಿನ ಆಯ್ತು. ಈಗ ಎದೆ ಬಡ್ಕೊಳ್ಳೋಕೆ ಬಂದೆಯಾ? ಜೊತೆಗೆ ಗಂಡಸನ್ನ ಬೇರೆ ಕಟ್ಟಿಕೊಂಡು."

"ಇವರು ನಮ್ಮ ಲಾಯರ ಕಡೆಯೋರು ಅತ್ತೆ."

"ಯಾರ ಕಡೆಯೋನಾದರೇನು. ಗಂಡನ ಕಡೆ ಇರೋಕೆ ಆಗದೇ ಇದ್ದೋಳಿಗೆ ಎಲ್ಲಾ ಕಡೆಯೋರೂ ಬೇಕು."

ಒಳಗಿನಿಂದ ಕೃಷ್ಣಪ್ಪ ಬಂದ. ಖಾಕಿ ಷರಾಯಿ, ಬನೀನು. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದನೆಂದು ಕಾಣುತ್ತದೆ, ಕೈ ಕಪ್ಪಾಗಿತ್ತು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಧ್ಯಾಹ್ನದ ಪಾಳಿ.

"ಏನ್ರೀ ಇನ್‌ಸ್ಪೆಕ್ಟ್ರೇ? ಗುಂಡಿ ತೋಡೋದು ಸೋಮವಾರ ಅಲ್ವಾ? ನಾಲ್ಕು ದಿನ ಮುಂಚೆ ಬಂದುಬಿಟ್ರಿ."

"ಒಂದು ಸಣ್ಣ ಅನುಮಾನ ಇತ್ತಪ್ಪ. ಮಗಳು ಮಲಗಿದ್ದಾಗ ನೀನು ಗಡ್ಡ ಮಾಡಿಸಿಕೊಂಡೆಯಂತೆ."

"ಮಾಡಿಸಿಕೊಂಡೆ. ಗಡ್ಡ ಬಿಟ್ಟುಕೊಂಡು ಹೋದರೆ ಫೋರ್‌ಮನ್ ಬಯ್ತಾನೆ. ನಾನು ಅದನ್ನೆಲ್ಲಾ ನಂಬೋಲ್ಲ ಸಾರ್. ನಾನು ಎಸೆಸೆಲ್ಸಿ ಓದಿದವನು."

"ನಿಮ್ಮಮ್ಮ ಓದಿಲ್ಲವಲ್ಲ. ಅವರು ಯಾಕೆ ಒಗ್ಗರಣೆ ಹಾಕಿದರು? ಬಾಗಿಲಿಗೆ ಯಾಕೆ ಬೇವು ಕಟ್ಟಲಿಲ್ಲ?"

ಪಾಪಮ್ಮನ ಬೆರಳು ನಿಂತಿತು. ಅವರೆಕಾಳೊಂದು ಜಾರಿ ಜಗಲಿಯಿಂದ ಕೆಳಗೆ ಬಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನಾನೇ ಬೇಡ ಅಂದೆ," ಎಂದ ಕೃಷ್ಣಪ್ಪ ತಟ್ಟನೆ. "ಬೇವು ಕಟ್ಟಿದರೆ ಮುನಿಸಿಪಾಲಿಟಿಯೋರು ಬಂದು ಮಗೂನ ಆಸ್ಪತ್ರೆಗೆ ಎತ್ತಿಕೊಂಡು ಹೋಗ್ತಾರೆ ಅಂತ."

ಜಾಣ ಉತ್ತರ. ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಶಂಭುಲಿಂಗಪ್ಪ ಪಕ್ಕಕ್ಕೆ ಸರಿದ.

ವಿಮಲ ಮೆಟ್ಟಿಲು ಹತ್ತಿದಳು. ಎರಡು ವರ್ಷದ ಮೇಲೆ ಆ ಹೊಸ್ತಿಲ ಮುಂದೆ ಕೂತಳು. ವೀಳ್ಯದೆಲೆ ಹಾಸಿ ಮೇಲೆ ಕರ್ಪೂರ ಇಟ್ಟಳು. ಕಡ್ಡಿ ಗೀರಿದಳು.

"ಅತ್ತೆ, ಮಾರಮ್ಮನ ಗುಡಿ ದಿಕ್ಕಿಗೆ ತಿರುಗಿ ಇದನ್ನ ಆರಿಸಿ. ಪುಟ್ಟತಾಯಿ ಅಮ್ಮ ಬಂದು ಸತ್ತಳು ಅಂತ ಹೇಳಿ. ಹೇಳಿಬಿಟ್ಟರೆ ನಾನು ಈಗಲೇ ಹೋಗಿ ಕೇಸು ವಾಪಸು ತಗೋತೀನಿ. ಇವರು ಸಾಕ್ಷಿ."

ಶಂಭುಲಿಂಗಪ್ಪನಿಗೆ ಇದು ಗೊತ್ತಿರಲಿಲ್ಲ. ಕೇಸು ವಾಪಸು ಎಂಬ ಮಾತನ್ನು ಅವಳು ದಾರಿಯಲ್ಲಿ ಆಡಿರಲಿಲ್ಲ. ಅವನು ತಡೆಯಲು ಕೈ ಎತ್ತಿದ, ಆದರೆ ಪಾಪಮ್ಮನ ಮುಖ ನೋಡಿ ಕೈ ಇಳಿಸಿದ.

ಆ ಮುದುಕಿ ಗೋಡೆಗೆ ಅಂಟಿಕೊಂಡಿದ್ದಳು.

"ಹೇಳಿ ಅತ್ತೆ. ಒಂದೇ ಮಾತು."

"ನಾ... ನಾನ್ಯಾಕೆ ಹೇಳಬೇಕು? ನೀನು ಯಾವೋಳೇ ನನ್ನನ್ನ ಕೇಳೋಕೆ?"

"ಕರ್ಪೂರ ಉರಿದು ಹೋಗ್ತಿದೆ."

"ನಾನು ಹೇಳ್ತೀನಿ ಬಿಡಮ್ಮ!" ಕೃಷ್ಣಪ್ಪ ನಗುತ್ತ ಬಂದು ಕುಕ್ಕರುಗಾಲಿನಲ್ಲಿ ಕೂತ. "ನಂಗೇನು ಭಯ? ಕರ್ಪೂರ ತಾನೇ?" ಎಣ್ಣೆಕಪ್ಪಿನ ಅಂಗೈಯನ್ನು ಜ್ವಾಲೆಯ ಮೇಲೆ ತಂದ.

"ಬೇಡ ಕಣೋ!"

ಪಾಪಮ್ಮ ಎದ್ದ ರಭಸಕ್ಕೆ ಮೊರ ಮಗುಚಿತು. ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

"ಬೇಡ ಕಣೋ, ಪ್ರಮಾಣ ಮಾಡಬೇಡ! ಇರೋ ಮಗೂ ಮೇಲೆ ಬಂದುಬಿಟ್ಟಾಳು! ಕೆಂಗೇರಿ ಬಾಗಿಲಿಗೆ ಕಟ್ಟಿರೋ ಬೇವು ಸಾಲದೇನೋ ನಿನಗೆ?"

ಅವರೆಕಾಳುಗಳು ಇನ್ನೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುತ್ತಿದ್ದವು.

ಕೃಷ್ಣಪ್ಪ ತಾಯಿಯ ಕೆನ್ನೆಗೆ ಹೊಡೆದ. ಜೋರಾಗಿ ಅಲ್ಲ, ನೊಣ ಹೊಡೆದಷ್ಟು ಸಲೀಸಾಗಿ. ಕೆನ್ನೆಯ ಮೇಲೆ ಸೈಕಲ್ ಎಣ್ಣೆಯ ನಾಲ್ಕು ಬೆರಳು ಮೂಡಿದವು.

ಆಮೇಲೆ ಹೆಂಡತಿಯನ್ನೇ ನೋಡುತ್ತ ಅಂಗೈಯನ್ನು ಕರ್ಪೂರದ ಮೇಲೆ ಒತ್ತಿದ.

"ನನ್ನ ಮಗಳು ಅಮ್ಮ ಬಂದು ಸತ್ತಳು. ಆಯ್ತಾ? ಕೇಸು ವಾಪಸು ತಗೋತೀಯಾ?"

ಪಾಪಮ್ಮ ಕಿವಿ ಮುಚ್ಚಿಕೊಂಡು ಕುಸಿದಳು. ಸುಟ್ಟ ಎಲೆಯ ವಾಸನೆ ಎದ್ದಿತು.

"ಯಾಕಯ್ಯ?" ಎಂದ ಶಂಭುಲಿಂಗಪ್ಪ. ಅದು ತನಿಖೆಯ ಪ್ರಶ್ನೆ ಆಗಿರಲಿಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. "ಹೆಣ್ಣು ಮಗು. ಹುಟ್ಟಿದಾಗ ನೀನು ಹತ್ತು ದಿನ ಮುಖ ನೋಡಲಿಲ್ಲವಂತೆ. ನಿನಗೆ ಯಾಕೆ ಬೇಕು ಅದು?"

"ನಂಗೆ ಬೇಕು ಅಂತ ಯಾರು ಹೇಳಿದರು ಸಾರ್?" ಕೃಷ್ಣಪ್ಪ ಅಂಗೈಯ ಬೊಕ್ಕೆಯನ್ನು ಊದಿಕೊಂಡ. "ಅವಳಿಗೆ ಸಿಗಬಾರದು. ಅಷ್ಟೇ."

ವಿಮಲ ಆಗಲೇ ಮೆಟ್ಟಿಲು ಇಳಿದಿದ್ದಳು. ಕೆಂಗೇರಿಯಲ್ಲಿ ಯಾರಿದ್ದಾರೆಂದು ಅವಳನ್ನು ಕೇಳಬೇಕಾಗಿರಲಿಲ್ಲ. ಕೃಷ್ಣಪ್ಪನ ಅಕ್ಕ ಲಕ್ಷ್ಮಿದೇವಮ್ಮ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ.

"ಹೋಗಿ, ಹೋಗಿ," ಎಂದು ಹಿಂದಿನಿಂದ ಕೃಷ್ಣಪ್ಪ ಕೂಗಿದ. "ಬೇವು ದಾಟಿ ಒಳಗೆ ಹೋಗೋ ಧೈರ್ಯ ಇದ್ದರೆ ಹೋಗಿ ನೋಡಿಕೊಂಡು ಬನ್ನಿ!"

ಅವನು ನಗುತ್ತಿದ್ದ.

*

ಮೈಸೂರು ರಸ್ತೆಗೆ ನಡೆದು ಬಸ್ಸು ಹಿಡಿದರು. ನಾಯಂಡಹಳ್ಳಿ ದಾಟಿದಾಗ ವಿಮಲ ಅವನ ಕಡೆಗೆ ತಿರುಗಿದಳು. ಆಮೇಲೆ ಹೇಳಿದಳು.

"ಪ್ರಮಾಣ ಮಾಡಿಸಿದ್ದು ನಾನೇ ಅಲ್ವಾ ಸಾರ್."

"ಬೇವು ಕಟ್ಟಿದ್ದು ಪ್ರಮಾಣಕ್ಕೆ ಮುಂಚೆ. ಆ ಮುದುಕಿಯೇ ಹೇಳಿದಳು. ಕರ್ಪೂರಕ್ಕೂ ರೋಗಕ್ಕೂ ಸಂಬಂಧ ಇಲ್ಲ."

"ನೀವು ನಂಬೋಲ್ವಾ?"

"ನನ್ನ ತಂಗಿ ತಮ್ಮ ಇಬ್ಬರೂ ಬೇವಿನ ಹಾಸಿಗೆ ಮೇಲೇ ಸತ್ತದ್ದು."

"ಚುಚ್ಚು ಹಾಕಿಸಿದ ಮಗೂಗೂ ಸಿಡುಬು ಬರುತ್ತಾ?"

"ಬರೋದು ಕಡಿಮೆ. ಎರಡು ವರ್ಷದ ಹಿಂದೆ ಹಾಕಿಸಿದ್ದರೆ ಬಹಳ ಕಡಿಮೆ."

"ಹಾಗಾದರೆ ಬೇವು ಯಾಕೆ?"

ಅದೇ ಪ್ರಶ್ನೆ ಅವನನ್ನೂ ಕಚ್ಚುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕಚ್ಚುತ್ತಿದ್ದದ್ದು ಆ ನಗು. ಸಿಕ್ಕಿಬಿದ್ದ ಕಳ್ಳರನ್ನು ಅವನು ನೂರಾರು ನೋಡಿದ್ದ. ಅವರು ಕಾಲು ಹಿಡಿಯುತ್ತಾರೆ, ಓಡುತ್ತಾರೆ, ಕಲ್ಲು ಎಸೆಯುತ್ತಾರೆ. ವಿಳಾಸ ಕೊಟ್ಟು ನಗುವುದಿಲ್ಲ.

ಇನ್ನೊಂದು ಮಾತೂ ಇತ್ತು. ಮುದುಕಿ ಎರಡು ಸಂಗತಿ ಹೇಳಿದ್ದಳು. ಇರೋ ಮಗೂ ಮೇಲೆ ಬಂದಾಳು ಎಂಬುದು ಒಂದು. ಕೆಂಗೇರಿಯಲ್ಲಿ ಆಗಲೇ ಬಂದಿದ್ದಾಳೆ ಎಂಬುದು ಇನ್ನೊಂದು. ಆಗಲೇ ಬಂದಿದ್ದರೆ, ಇನ್ನು ಬರುವುದು ಯಾರ ಮೇಲೆ?

ಅವನು ಅದನ್ನು ವಿಮಲಳಿಗೆ ಹೇಳಲಿಲ್ಲ.

*

ಕೆಂಗೇರಿ ಪೇಟೆಯ ಹಿಂದಿನ ಬೀದಿ. ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯಲ್ಲಿ ಆಡುವ ಮಕ್ಕಳಿರಲಿಲ್ಲ. ಕೊನೆಯ ಮನೆಯ ಅಕ್ಕಪಕ್ಕದ ಎರಡು ಮನೆಗಳಿಗೆ ಬೀಗ ಬಿದ್ದಿತ್ತು.

ಕೊನೆಯ ಮನೆಯ ಬಾಗಿಲಿಗೆ ಬೇವು ಕಟ್ಟಿತ್ತು.

ಶಂಭುಲಿಂಗಪ್ಪ ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿದ. ಪುಡಿಯಾಯಿತು. ಮೂರು ದಿನದ ಹಳೆಯ ಸೊಪ್ಪು. ಯಾರೋ ಸೈಕಲ್ಲಿನಲ್ಲಿ ಮುಂದೆ ಬಂದು ಅವರನ್ನು ಹೆದರಿಸಲು ಕಟ್ಟಿದ್ದಲ್ಲ. ಒಳಗೆ ನಿಜವಾಗಿ ಯಾರೋ ಮಲಗಿದ್ದರು.

ಬಾಗಿಲು ಅರ್ಧ ತೆರೆಯಿತು. ಲಕ್ಷ್ಮಿದೇವಮ್ಮ. ಅಗಲ ಮುಖ, ಗಟ್ಟಿಯಾಗಿ ಕಟ್ಟಿದ ತುರುಬು. ವಿಮಲಳನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ, ಬೇಜಾರಾಯಿತು.

"ಒಳಗೆ ಬರಬೇಡಿ. ಅಮ್ಮ ಇದ್ದಾಳೆ."

"ನನಗೆ ಬಂದು ಹೋಗಿದ್ದರ ಗುರುತು ಮುಖದ ಮೇಲೇ ಇದೆ," ಎಂದು ಶಂಭುಲಿಂಗಪ್ಪ ಬಾಗಿಲು ತಳ್ಳಿದ. "ಅವಳು ಚುಚ್ಚು ಹಾಕಿಸಿಕೊಂಡಿದ್ದಾಳೆ. ಸರಿಯಮ್ಮ ಆ ಕಡೆ."

ವಿಮಲ ಅವನನ್ನು ದಾಟಿ ಒಳಗೆ ಓಡಿದಳು.

ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ವಾಸನೆ ಮೊದಲು ಬಂತು, ಆಮೇಲೆ ಕಣ್ಣಿಗೆ ಕತ್ತಲು ಒಗ್ಗಿತು. ಬೇವಿನ ಸೊಪ್ಪಿನ ಮೇಲೆ ಒಂದು ಮಗು. ಹಸಿರು ಲಂಗ, ಹಳದಿ ಅಂಚು. ಅದನ್ನು ವಿಮಲ ತಾನೇ ಕೈಯಲ್ಲಿ ಹೊಲಿದು ಸಂಕ್ರಾಂತಿಗೆ ಲಾಯರ ಮೂಲಕ ಕಳಿಸಿದ್ದಳು. ಲಂಗದ ಮೇಲೆ ಕಂಡ ಮೈ ಮೈಯಂತಿರಲಿಲ್ಲ. ಮುಖದಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ಹೇಳುವಂತಿರಲಿಲ್ಲ. ಕೀವು ತುಂಬಿದ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಗುಳ್ಳೆಯಾಗಿದ್ದವು.

"ಪುಟ್ಟತಾಯಿ," ಎಂದು ವಿಮಲ ನೆಲಕ್ಕೆ ಬಿದ್ದಳು. "ನನ್ನ ಕಂದಾ, ನೋಡೇ, ನಾನು ಕಣೇ, ಬಂದೆ ಕಣೇ..."

ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಗು ನೋವಿಗೆ ಕಿರುಗುಟ್ಟಿತು.

ಶಂಭುಲಿಂಗಪ್ಪ ಕಿಟಕಿ ತೆಗೆದ. ಬೆಳಕು ಬಿತ್ತು. ಮಂಡಿಯೂರಿ ಮಗುವಿನ ಎಡತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದ. ತೋಳಿನ ಮೇಲುಭಾಗದಲ್ಲಿ ಗುಳ್ಳೆಗಳ ನಡುವೆ ಅಲ್ಲಲ್ಲಿ ಬರಿಯ ಚರ್ಮ ಉಳಿದಿತ್ತು. ನಯವಾದ ಚರ್ಮ. ಅವನು ಬಲತೋಳನ್ನೂ ನೋಡಿದ. ಮತ್ತೆ ಎಡತೋಳು ನೋಡಿದ.

"ವಿಮಲ."

"ನೀರು, ಸಾರ್, ನೀರು ತನ್ನಿ..."

"ಇಲ್ಲಿ ನೋಡು. ಎರಡು ಕಲೆ ಎಲ್ಲಿ?"

ಅವಳು ಆ ತೋಳನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಸವರಿದಳು. ನಾಲ್ಕಾಣೆಯಷ್ಟಗಲದ ಎರಡು ಕಲೆ ಎಲ್ಲಿಯೂ ಇರಲಿಲ್ಲ.

ಆಗ ಮಗುವಿನ ತುಟಿ ಬಿರಿಯಿತು.

"ತಣ್ಣಿ," ಎಂದಿತು. "ಅಮ್ಮಾ, ತಣ್ಣಿ."

ತಮಿಳು. ನೀರು ಕೇಳುತ್ತಿತ್ತು.

ವಿಮಲ ಕೈ ಬಿಟ್ಟಳು. ತಲೆ ತೊಡೆಯಿಂದ ಜಾರಿ ಬೇವಿನ ಮೇಲೆ ಬಿತ್ತು. ಅವಳು ಗೋಡೆಯವರೆಗೆ ಹಿಂದಕ್ಕೆ ತೆವಳಿದಳು.

"ಯಾರದು ಈ ಮಗು?" ಶಂಭುಲಿಂಗಪ್ಪ ಕೇಳಿದ.

ಲಕ್ಷ್ಮಿದೇವಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಮುಚ್ಚಿಡುವ ಕೆಲಸ ಮುಗಿಯಿತೆಂದು ಅವಳಿಗೆ ಸಮಾಧಾನವಾದಂತಿತ್ತು.

"ಯಾರದೂ ಅಲ್ಲ. ರಾಜಾಜಿನಗರದಲ್ಲಿ ಮನೆ ಕಟ್ಟೋ ಕೂಲಿಗಳ ಗುಡಿಸಲಲ್ಲಿ ಇತ್ತು. ಇದರ ತಾಯಿ ಸತ್ತಳು. ಅಪ್ಪ ಅನ್ನೋನು ಓಡಿಹೋದ. ಬಿಟ್ಟಿದ್ದರೆ ಅಲ್ಲೇ ನಾಯಿ ಎಳೀತಿದ್ದವು. ಕೃಷ್ಣಪ್ಪ ಎತ್ತಿಕೊಂಡು ಬಂದ. ನೆರಳು ಕೊಟ್ಟಿದ್ದೀವಿ."

"ನೀರು ಕೊಟ್ಟಿಲ್ಲ."

ಅವಳು ತುರುಬು ಬಿಗಿಮಾಡಿಕೊಂಡಳು.

ಕೋಣೆಯ ಮೂಲೆಯಲ್ಲಿ ಹೊಸ ಬಿಳಿ ಬಟ್ಟೆ ಮಡಿಸಿಟ್ಟಿತ್ತು. ಪಕ್ಕದಲ್ಲಿ ಅರಿಸಿನ, ಒಂದು ಜೊತೆ ಬೆಳ್ಳಿಯ ಕಾಲ್ಗೆಜ್ಜೆ. ಗೆಜ್ಜೆಯನ್ನು ನೋಡಿದ ಕೂಡಲೇ ವಿಮಲಳ ಬಾಯಿಂದ ಒಂದು ಶಬ್ದ ಬಂತು. ಅದು ಪುಟ್ಟತಾಯಿಯದು.

ಶಂಭುಲಿಂಗಪ್ಪನಿಗೆ ಆ ನಗು ಈಗ ಅರ್ಥವಾಯಿತು.

ಅತ್ತಿಗುಪ್ಪೆಯ ಗುಂಡಿ ಬರಿದು. ಸೋಮವಾರ ಅದನ್ನು ತೆಗೆಯುತ್ತಾರೆ. ಅಷ್ಟರೊಳಗೆ ಅದರಲ್ಲಿ ಒಂದು ಹೆಣ ಇರಬೇಕು. ನಾಲ್ಕೈದು ವರ್ಷದ ಹೆಣ್ಣು, ಸಿಡುಬಿನಿಂದ ಸತ್ತದ್ದು, ಮೈಮೇಲೆ ಪುಟ್ಟತಾಯಿಯ ಲಂಗ, ಕಾಲಲ್ಲಿ ಪುಟ್ಟತಾಯಿಯ ಗೆಜ್ಜೆ. ಸಿಡುಬಿನ ಹೆಣವನ್ನು ಯಾವ ಡಾಕ್ಟರೂ ಮುಟ್ಟಿ ನೋಡುವುದಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು, ಮೂರು ಮಾರು ದೂರ ನಿಂತು ಬರೆದುಕೊಳ್ಳುತ್ತಾನೆ. ಆಮೇಲೆ ಪುಟ್ಟತಾಯಿ ಸರ್ಕಾರದ ಲೆಕ್ಕದಲ್ಲಿ ಸತ್ತವಳು. ಸತ್ತ ಮಗುವಿಗಾಗಿ ಯಾವ ತಾಯಿಯೂ ಅರ್ಜಿ ಹಾಕುವಂತಿಲ್ಲ. ಬೇವು ದಾಟಿ ಒಳಗೆ ಹೋದರೂ ವಿಮಲ ಈ ಮಗುವನ್ನೇ ತನ್ನ ಮಗಳೆಂದು ನಂಬುತ್ತಾಳೆ, ಸೋಮವಾರ ಅವಳೇ ಗುರುತು ಹೇಳುತ್ತಾಳೆ ಎಂದು ಕೃಷ್ಣಪ್ಪ ನಕ್ಕಿದ್ದ.

ಅವರು ಈ ಮಗು ಸಾಯುವುದನ್ನು ಕಾಯುತ್ತಿದ್ದರು.

"ಇದು ಕೊಲೆ," ಎಂದ.

"ಯಾರು ಕೊಂದರು?" ಲಕ್ಷ್ಮಿದೇವಮ್ಮ ಶಾಂತವಾಗಿ ಕೇಳಿದಳು. "ಅಮ್ಮ ಕರೀತಾಳೆ, ಹೋಗುತ್ತೆ. ಇವತ್ತೋ ನಾಳೆಯೋ."

"ನನ್ನ ಮಗಳೆಲ್ಲಿ ಅತ್ತಿಗೆ?" ವಿಮಲಳ ಧ್ವನಿ ಹೊರಟಿತು.

"ಚೆನ್ನಾಗಿದ್ದಾಳೆ. ಇದನ್ನ ತಂದ ದಿವಸವೇ ನಮ್ಮ ಯಜಮಾನರು ಅವಳನ್ನ ದೂರ ಕರೆದುಕೊಂಡು ಹೋದರು. ಎಲ್ಲಿಗೆ ಅಂತ ಕೃಷ್ಣಪ್ಪನಿಗೂ ಗೊತ್ತಿಲ್ಲ. ನಮ್ಮಮ್ಮನಿಗೂ ಗೊತ್ತಿಲ್ಲ. ಅವರು ಬಿಟ್ಟರೆ ನನಗೊಬ್ಬಳಿಗೇ ಗೊತ್ತು."

"ನನ್ನನ್ನ ಕೇಳ್ತಾಳಾ?"

"ಹೋದ ತಿಂಗಳು ಇಲ್ಲಿಗೆ ತಂದಾಗಲೇ ನೀನು ಸತ್ತೆ ಅಂತ ಹೇಳಿದೆ. ಒಂದು ವಾರ ಅತ್ತಳು. ಈಗ ನನ್ನನ್ನೇ ಅಮ್ಮ ಅಂತಾಳೆ."

ಹಾಸಿಗೆಯ ಮೇಲಿನಿಂದ ಮತ್ತೆ "ತಣ್ಣಿ" ಎಂಬ ಶಬ್ದ ಬಂತು. ಈ ಸಲ ಬರಿಯ ಉಸಿರು.

ಶಂಭುಲಿಂಗಪ್ಪ ಬಾಗಿಲಿಗೆ ಅಡ್ಡವಾಗಿ ನಿಂತ. ಈಗ ಈ ಹೆಂಗಸನ್ನು ಹೊರಗೆ ಬಿಡುವಂತಿರಲಿಲ್ಲ. "ವಿಮಲ, ಅಡಿಗೆಮನೆಯಿಂದ ನೀರು ತಂದು ಕುಡಿಸು. ಚಮಚ ಚಮಚ ಕುಡಿಸು. ಈ ಮಗು ಸೋಮವಾರದವರೆಗೆ ಉಸಿರಾಡ್ತಿದ್ದರೆ ಗುಂಡಿ ಬರಿದು, ನಿನ್ನ ಕೇಸು ಗಟ್ಟಿ. ಇದು ಬದುಕಿದರೆ ನಿನ್ನ ಮಗಳು ಬದುಕಿದಳು. ಅರ್ಥ ಆಯ್ತಾ?"

ಅವಳು ಎದ್ದು ಹೋದಳು. ಕಂಚಿನ ಲೋಟದಲ್ಲಿ ನೀರು, ಒಂದು ಚಮಚ ತಂದಳು. ಹಾಸಿಗೆಯ ಪಕ್ಕ ಕೂತಳು.

ಲಕ್ಷ್ಮಿದೇವಮ್ಮ ಶಂಭುಲಿಂಗಪ್ಪನ ಕಡೆಗೆ ತಿರುಗಲೇ ಇಲ್ಲ. ವಿಮಲಳ ಎಡಕ್ಕೆ ಹೋಗಿ ಕೂತಳು. ಕೇಳುವ ಕಿವಿ ಯಾವುದೆಂದು ಅವಳಿಗೂ ಗೊತ್ತಿತ್ತು.

"ನೋಡೇ ವಿಮಲ. ಕೋರ್ಟು ನಿನಗೆ ಕಾಗದ ಕೊಡುತ್ತೆ. ಮಗೂನ ಹುಡುಕಿ ಕೊಡೋಲ್ಲ. ಇನ್ನಾರು ತಿಂಗಳು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಐದು ತುಂಬುತ್ತೆ, ಆ ಕಾಗದವೂ ಇಲ್ಲ. ಜೈಲಿಗೆ ಹಾಕಿದರೂ ನಾನು ಹೇಳೋಲ್ಲ. ಹದಿನಾಲ್ಕು ವರ್ಷ ಕಾದಿದ್ದೀನಿ, ಜೈಲು ನನಗೇನು ದೊಡ್ಡದಾ?"

ವಿಮಲ ಚಮಚ ತುಂಬಿದಳು.

"ಸೋಮವಾರ ಗುಂಡಿ ಹತ್ರ ನಿಂತು ಒಂದೇ ಮಾತು ಹೇಳು. ಇದು ನನ್ನ ಮಗಳು ಅಂತ. ಅತ್ತುಬಿಟ್ಟು ಹೋಗು. ಆಮೇಲೆ ನಿನ್ನ ಮಗಳು ಎಲ್ಲಿದ್ದಾಳೆ ಅಂತ ನಾನೇ ಕರೆದುಕೊಂಡು ಹೋಗಿ ತೋರಿಸ್ತೀನಿ. ದೂರದ ನೆಂಟರವಳು ಅಂತ ಬಂದು ನೋಡು. ತಲೆ ಬಾಚು. ಲಂಗ ಹೊಲಿದು ಕೊಡು. ಕೃಷ್ಣಪ್ಪನಿಗೆ ಗೊತ್ತಾಗೋಲ್ಲ."

"ಅವಳ ಮಾತು ಕೇಳಬೇಡ," ಎಂದ ಶಂಭುಲಿಂಗಪ್ಪ. "ನೀರು ಕುಡಿಸು."

ಮಗುವಿನ ಬಾಯಿ ತೆರೆದುಕೊಂಡಿತ್ತು. ನಾಲಿಗೆ ಬಿಳುಪಾಗಿ, ದಪ್ಪವಾಗಿ ಹೊರಗೆ ಬಂದಿತ್ತು. ಚಮಚ ಅದರ ತುಟಿಯಿಂದ ಒಂದು ಬೆರಳು ದೂರದವರೆಗೆ ಬಂತು. ಅಲ್ಲೇ ನಿಂತಿತು. ಒಂದು ಹನಿ ತುಳುಕಿ ಬೇವಿನ ಎಲೆಯ ಮೇಲೆ ಬಿತ್ತು, ಮಗುವಿನ ನಾಲಿಗೆ ಆ ಹನಿಯ ಕಡೆಗೆ ಹೊರಳಿತು.

"ವಿಮಲ! ಕುಡಿಸಮ್ಮ!"

ಅವಳು ಅವನ ಕಡೆಗೆ ನೋಡಲಿಲ್ಲ. ಆ ಮಗುವನ್ನೂ ನೋಡಲಿಲ್ಲ. ಚಮಚವನ್ನು ನಿಧಾನವಾಗಿ ಲೋಟದೊಳಗೆ ವಾಪಸು ಇಟ್ಟಳು.

"ಅತ್ತಿಗೆ," ಎಂದಳು, "ತಿಂಗಳಿಗೆ ಎಷ್ಟು ಸಲ ನೋಡಬಹುದು?"